ಪದಗಳ ಅರ್ಥ ಐದೈದು ಸಲ ಬರೆಸಿದ್ರೂ ಗುರುವಾರಕ್ಕೆ ಮಾಯ: ನಾಲ್ಕನೇ ತರಗತಿಗೆ ನೀವೇನು ಮಾಡ್ತೀರಿ?

ಶಿರಾಸೀಮೆ_ಟೀಚರ್
ಎಲ್ಲರಿಗೂ ನಮಸ್ಕಾರ. ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, ನಾಲ್ಕನೇ ತರಗತಿ, 19 ಮಕ್ಕಳು. ನಲಿ-ಕಲಿಯಿಂದ (ಮೂರನೇ ತರಗತಿವರೆಗೆ ಕಾರ್ಡು, ಚಟುವಟಿಕೆ ಮೂಲಕ ಕಲಿಸೋ ಪದ್ಧತಿ) ಈ ವರ್ಷವಷ್ಟೇ ಹೊರಗೆ ಬಂದು ಪಠ್ಯಪುಸ್ತಕ ಹಿಡಿದವರು.

ಪಾಠ ಮುಗಿದ ಮೇಲೆ ಕೊನೆಯಲ್ಲಿರೋ 'ಪದಗಳ ಅರ್ಥ' ಐದೈದು ಸಲ ಬರೆಸ್ತೀನಿ. ನಮ್ಮ ಟೀಚರ್ ನಮಗೆ ಬರೆಸಿದ್ದೂ ಹಾಗೇ. ಸೋಮವಾರ ಉಕ್ತಲೇಖನ ಕೊಟ್ರೆ 19ರಲ್ಲಿ 15 ಮಕ್ಕಳದು ಸರಿ. ಗುರುವಾರ ಅದೇ ಪದ ಕೇಳಿದ್ರೆ ಸೂರು ನೋಡ್ತಾರೆ.

ಹೋದ ವಾರ 'ತವಕ = ಆತುರ' ಬರೆಸಿದ್ದೆ. ಸ್ವಂತ ವಾಕ್ಯದಲ್ಲಿ ಉಪಯೋಗಿಸಿ ಅಂದಾಗ ಒಬ್ಬ ಹುಡುಗ ಬರೆದ: "ನಮ್ಮೂರ ಬಸ್ಸು ಇವತ್ತು ತವಕವಾಗಿ ಬಂತು." ನಕ್ಕುಬಿಟ್ಟೆ. ಆಮೇಲೆ ಬೇಜಾರಾಯ್ತು. ಆತುರ ಅಂದ್ರೆ ಅವನಿಗೆ ಬೇಗ ಬೇಗ. ಬಸ್ಸು ಬೇಗ ಬಂತು, ತವಕವಾಗಿ ಬಂತು. ನಾನು ಕೊಟ್ಟ ಲೆಕ್ಕದ ಪ್ರಕಾರ ಅವನ ಉತ್ತರ ಸರಿಯೇ ತಾನೇ?

ನೀವೆಲ್ಲ ಹೇಗೆ ಕಲಿಸ್ತೀರಿ? ಪುಸ್ತಕದಲ್ಲಿ ಓದಿದ್ದು ಬೇಡ, ನಿಮ್ಮ ತರಗತಿಯಲ್ಲಿ ನಡೆದದ್ದು ಹೇಳಿ.

ಕಬಿನಿ_ದಂಡೆ
ಬಸ್ಸು ತವಕವಾಗಿ ಬಂತು 😀 ಆ ಹುಡುಗನಿಗೆ ಫುಲ್ ಮಾರ್ಕ್ಸ್ ಕೊಡಿ ಟೀಚರ್.

ನಾನು ಎಚ್.ಡಿ. ಕೋಟೆ ಕಡೆಯವಳು. 1995ರಲ್ಲಿ ನಲಿ-ಕಲಿ ಶುರುವಾದದ್ದು ನಮ್ಮ ತಾಲ್ಲೂಕಿನಲ್ಲೇ ಅನ್ನೋ ಜಂಬ ಸ್ವಲ್ಪ ಇದೆ, ಕ್ಷಮಿಸಿ. ಹೊಸಬರಿಗೆ ಗೊತ್ತಿಲ್ಲದಿದ್ದರೆ: ಅಲ್ಲಿ ಅಕ್ಷರ ಅ ಆ ಇ ಈ ಕ್ರಮದಲ್ಲಿ ಬರೋದಿಲ್ಲ. ರ ಗ ಸ ದ ಅ ಮೊದಲು, ಆಮೇಲೆ ಜ ವ ಮ ಬ ನ. ಮೊದಲ ಐದಕ್ಷರ ಬಂದ ಕೂಡಲೇ ಮಗು ಸರ, ದರ, ಅರಸ, ಅಗಸ, ಗರಗಸ ಎಲ್ಲಾ ಓದಿಬಿಡುತ್ತೆ. ಓದಿದ ಖುಷಿ ನೋಡಬೇಕು ನೀವು.

ಆದರೆ ನನ್ನ ಕಣ್ಣು ತೆರೆಸಿದ್ದೂ ಆ ಗರಗಸವೇ. ಒಬ್ಬಳು ಹುಡುಗಿ ಒಂದೂ ತಪ್ಪಿಲ್ಲದೆ "ಗ-ರ-ಗ-ಸ" ಓದಿದಳು. ಗರಗಸ ಅಂದ್ರೇನು ಅಂದೆ. "ಕಾರ್ಡು ಮಿಸ್" ಅಂದಳು. ಅವಳ ಪಾಲಿಗೆ ಗರಗಸ ಅಂದ್ರೆ ಆ ಕಾರ್ಡು! ಮರುದಿನ ಊರಿನ ಆಚಾರ್ರ ಹತ್ರ ಒಂದು ಹಳೇ ಗರಗಸ ಇಸ್ಕೊಂಡು ಬಂದೆ. ಮುಟ್ಟಿದರು, ಹಲ್ಲು ಎಣಿಸಿದರು, ನಾನು ಒಂದು ತುಂಡು ಸೌದೆ ಕೊಯ್ದು ತೋರಿಸಿದೆ. ಮಧ್ಯಾಹ್ನ ಊಟದ ಹೊತ್ತಲ್ಲಿ ಅದೇ ಹುಡುಗಿ ಪಕ್ಕದವನ ಮುರುಕು ಹಲ್ಲು ನೋಡಿ "ಗರಗಸದ್ ಹಲ್ಲು" ಅಂದಳು. ಜಗಳ ಆಯ್ತು, ಅದು ಬೇರೆ ಮಾತು. ಸರಾಗವಾಗಿ ಓದುವ ಮಗುವಿಗೆ ಪದ ಗೊತ್ತಿದೆ ಅಂತ ಅವತ್ತಿಂದ ನಾನು ನಂಬೋದಿಲ್ಲ.

ಯಲಬುರ್ಗಾ_ಮಾಸ್ತರ
ಮೇಡಂರ, ನಮ್ಮ ಕಡೆ ಇದರ ಮ್ಯಾಲೆ ಇನ್ನೊಂದು ಕತಿ ಐತಿ. ಪುಸ್ತಕದಾಗ 'ಈರುಳ್ಳಿ' ಅಂತ ಬರತೈತಿ. ನಮ್ಮ ಹುಡುಗ್ರಿಗೆ ಅದು ಉಳ್ಳಾಗಡ್ಡಿ. 'ಪೊರಕೆ' ಅಂದ್ರ ಗೊತ್ತಿಲ್ಲ, ಕಸಬರಿಗಿ ಅನ್ರಿ, ಓಡಿಹೋಗಿ ತರ್ತಾವ. 'ಕಡಲೆಕಾಯಿ' ಅಂದ್ರ ಕಡ್ಲಿ ಗಿಡದ ಕಾಯಿ ಅಂತ ತಿಳ್ಕೋತಾವ, ಯಾಕಂದ್ರ ನಮ್ಮ ಹೊಲದಾಗ ಕಡ್ಲಿನೂ ಬೆಳಿತೀವಿ, ಶೇಂಗಾನೂ ಬೆಳಿತೀವಿ. ಹುಡುಗ ದಡ್ಡ ಅಲ್ಲ, ಅವನ ಹೊಲ ಅವಂಗ ಗೊತ್ತೈತಿ.

ನಾ ನೌಕರಿಗೆ ಸೇರಿದಾಗ ಒಂದು ತಪ್ಪು ಮಾಡಿದೆ. ತತ್ತಿ ಕೊಡೋ ದಿನ ಒಬ್ಬ "ಸರ್, ನನಗ ತತ್ತಿ ಬಂದಿಲ್ಲ" ಅಂದ. ನಾ "ತತ್ತಿ ಅಲ್ಲಪಾ, ಮೊಟ್ಟೆ ಅನ್ನು" ಅಂದೆ. ಆವತ್ತಿನಿಂದ ಆ ಹುಡುಗ ನನ್ನ ಮುಂದ ಬಾಯಿ ಬಿಡೋದ ನಿಲ್ಲಿಸಿಬಿಟ್ಟ. ಹದಿನೈದು ದಿನ ಹಿಡೀತು ಮತ್ತ ಮಾತಾಡಾಕ.

ಈಗ ಗ್ವಾಡಿ ಮ್ಯಾಲೆ ಎರಡು ಸಾಲು ಬರದೀನಿ. ಒಂದಕ್ಕ 'ಮನಿ ಮಾತು', ಇನ್ನೊಂದಕ್ಕ 'ಪುಸ್ತಕದ ಮಾತು'. ಹೊಸ ಪದ ಬಂತಂದ್ರ ಮೊದಲ ಕೇಳೋದು: ಇದಕ್ಕ ನಿಮ್ಮ ಮನಿಯಾಗ ಏನಂತೀರಿ? ಅವರು ಹೇಳಿದ್ದು ಮೊದಲ ಬರೀತೀನಿ, ಆಮ್ಯಾಲೆ ಪುಸ್ತಕದ್ದು. ಲಂಬಾಣಿ ತಾಂಡಾದ ಮಕ್ಕಳು ಮೂರನೇ ಸಾಲು ಹಾಕ್ರಿ ಸರ್ ಅಂತ ಗಂಟುಬಿದ್ರು, ಹಾಕೀನಿ. ಮನಿ ಮಾತಿಗೆ ತಪ್ಪು ಅನ್ನಬ್ಯಾಡ್ರಿ, ಅಷ್ಟ.

ಬಂಟ್ವಾಳ_ಪೇಟೆ
ಮಾಸ್ತರ್ರೇ, ನಮ್ಮಲ್ಲಿ ಅದು ನೀರುಳ್ಳಿ ಮಾರಾಯ್ರೆ! ಒಂದು ತರಕಾರಿಗೆ ಮೂರು ಕನ್ನಡ.

ನಮ್ಮ ಕಡೆಯ ಕಷ್ಟ ಬೇರೆ ಉಂಟು. ಮನೆಯಲ್ಲಿ ತುಳು, ಕೆಲವರಿಗೆ ಬ್ಯಾರಿ, ಕೊಂಕಣಿ. ಕನ್ನಡ ಶಾಲೆಗೆ ಮಾತ್ರ. ಬೆಕ್ಕು ಅಂದ್ರೆ ಪುಚ್ಚೆ, ಅವಲಕ್ಕಿ ಅಂದ್ರೆ ಬಜಿಲ್. ಇದೆಲ್ಲ ಸುಲಭ, ವಸ್ತು ಒಂದೇ, ಹೆಸರು ಬದಲಿಸಿದ್ರೆ ಆಯ್ತು. ಅದಕ್ಕೆ ಚಿತ್ರ ತೋರಿಸಿ, ಅರ್ಧ ನಿಮಿಷದಲ್ಲಿ ಮುಗಿಸಿ. ಬೆಕ್ಕಿಗೆ ಪಿರಿಯಡ್ ಇಡೀ ಬೇಡ. 'ತವಕ'ದಂಥ ಪದಕ್ಕೆ ಚಿತ್ರ ಎಲ್ಲಿಂದ ತರ್ತೀರಿ? ಅಲ್ಲಿ ಸಮಯ ಹಾಕಬೇಕು. ನಾವು ಮಾಡೋದು ತಿರುಗಾಮುರುಗ.

(ಬೆಂಗಳೂರಿಂದ ವರ್ಗವಾಗಿ ಬಂದ ಟೀಚರ್ ಒಬ್ಬರು "ಮನೇಲಿ ಬೋಂಡ ಮಾಡ್ತಾರಾ" ಅಂತ ಕೇಳಿದ್ರು. "ಇಲ್ಲ ಟೀಚರ್, ಮರದಲ್ಲಿ ಆಗ್ತದೆ" ಅಂತ ಮಕ್ಕಳು. ನಮ್ಮಲ್ಲಿ ಬೊಂಡ ಅಂದ್ರೆ ಎಳನೀರು.)

ಹಳೇ_ಸಿಲೇಟು
ನಾನು ನಿವೃತ್ತನಾಗಿ ಆರು ವರ್ಷ ಆಯ್ತು. ಎಲ್ಲರೂ ಬಾಯಿಪಾಠಕ್ಕೆ ಕಲ್ಲು ಹೊಡೆಯೋದು ಫ್ಯಾಷನ್ ಆಗಿದೆ ಕಣ್ರೀ. ನಮ್ಮ ಕಾಲದಲ್ಲಿ ಪದ್ಯ ಕಂಠಪಾಠ, ಮಗ್ಗಿ ಕಂಠಪಾಠ, ಅಮರಕೋಶದ ಶ್ಲೋಕ ಕೂಡ. ಅರ್ಥ ಆವತ್ತು ಆಗಲಿಲ್ಲ, ನಿಜ. ಹತ್ತು ವರ್ಷ ಆದ್ಮೇಲೆ ಆಯ್ತು. ಪದ ನಾಲಗೆ ಮೇಲೆ ಇದ್ದರೆ ತಾನೇ ಅರ್ಥ ಬಂದು ಕೂರೋದು? ಐದು ಸಲ ಬರೆದರೆ ಕೈ ಸವೆಯೋಲ್ಲ. ಕಾಗುಣಿತವಾದರೂ ನೆಟ್ಟಗಾಗುತ್ತೆ.

ಕ್ಲಸ್ಟರ್_ಸುತ್ತಾಟ
ಮೇಷ್ಟ್ರೇ, ಪದ್ಯದ ಬಗ್ಗೆ ನೀವು ಹೇಳಿದ್ದು ಒಪ್ಪಿದೆ. ಪದ್ಯದಲ್ಲಿ ಪದಕ್ಕೆ ಲಯ ಇದೆ, ಹಿಂದೆ ಮುಂದೆ ಜೊತೆಗಾರರಿದ್ದಾರೆ, ಒಂದು ಎಳೆದರೆ ಇನ್ನೊಂದು ಬರುತ್ತೆ. 'ಪದ = ಅರ್ಥ' ಪಟ್ಟಿಯಲ್ಲಿ ಅದ್ಯಾವುದೂ ಇಲ್ಲ. ಜರ್ಮನಿಯ ಎಬ್ಬಿಂಗ್‌ಹೌಸ್ ಅನ್ನೋನು ಅರ್ಥವಿಲ್ಲದ ಅಕ್ಷರಗುಚ್ಛಗಳನ್ನ ತಾನೇ ಉರುಹೊಡೆದು, ಎಷ್ಟು ಬೇಗ ಮರೆತುಹೋಗುತ್ತೆ ಅಂತ ಅಳೆದು 1885ರಲ್ಲೇ ಪ್ರಕಟಿಸಿದ. ಮೊದಲ ಒಂದೆರಡು ದಿನದಲ್ಲೇ ಬಹುಪಾಲು ಸೋರಿಹೋಗುತ್ತೆ. ನಾಲ್ಕನೇ ತರಗತಿ ಮಗುವಿಗೆ 'ತವಕ = ಆತುರ' ಅಂಥದ್ದೇ ಒಂದು ಗುಚ್ಛ.

ನಾನು ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ), ವಾರಕ್ಕೆ ನಾಲ್ಕೈದು ಶಾಲೆ ಸುತ್ತುತ್ತೀನಿ. ನನ್ನ ತಕರಾರು ಹೇಗೆ ಕಲಿಸಬೇಕು ಅನ್ನೋದಕ್ಕಿಂತ ಯಾವ ಪದ ಕಲಿಸಬೇಕು ಅನ್ನೋದರಲ್ಲಿ. ಇಸಾಬೆಲ್ ಬೆಕ್, ಮಾರ್ಗರೆಟ್ ಮೆಕೌನ್ ಅಂತ ಅಮೆರಿಕದ ಇಬ್ಬರು ಪದಗಳನ್ನ ಮೂರು ಪದರ ಮಾಡಿದ್ದಾರೆ. ಮೊದಲನೆಯದು ಮನೆಯಲ್ಲೇ ಬರುವಂಥವು: ನೀರು, ಓಡು, ಬೆಕ್ಕು. ಮೂರನೆಯದು ಒಂದೇ ವಿಷಯಕ್ಕೆ ಸೇರಿದವು: ಬಾಷ್ಪೀಕರಣ, ಅಕ್ಷಾಂಶ. ಇವೆರಡರ ನಡುವೆ ಇರೋದು ಎಲ್ಲಾ ಪುಸ್ತಕದಲ್ಲೂ ತಿರುಗಿ ತಿರುಗಿ ಬರುವ, ಆದರೆ ಮನೆಮಾತಿನಲ್ಲಿ ಬಾರದ ಪದಗಳು. ಮೇಷ್ಟ್ರು ಬೆವರು ಹರಿಸಬೇಕಾದದ್ದು ಈ ನಡುವಿನದರ ಮೇಲೆ ಅಂತ ಅವರ ವಾದ.

ಕನ್ನಡದಲ್ಲಿ ಈ ನಡುವಿನ ಪದರ ಬಹುಪಾಲು ಸಂಸ್ಕೃತದಿಂದ ಬಂದದ್ದು: ವ್ಯತ್ಯಾಸ, ಪರಿಣಾಮ, ಸಂಗ್ರಹ, ಕ್ರಮ, ಸೂಕ್ತ, ವರ್ಗೀಕರಿಸು. ಹಾಗಾಗಿ ಇಂಗ್ಲಿಷ್ ಮಕ್ಕಳಿಗಿಂತ ನಮ್ಮ ಮಕ್ಕಳಿಗೆ ಈ ಮೆಟ್ಟಿಲು ಇನ್ನೂ ಎತ್ತರ ಅಂತ ನನ್ನ ಅನಿಸಿಕೆ. ಒಂದು ಶಾಲೆಯಲ್ಲಿ ಪರಿಸರ ಅಧ್ಯಯನದ ಪ್ರಶ್ನೆಪತ್ರಿಕೆ ನೋಡ್ತಾ ಇದ್ದೆ. 'ಕೆಳಗಿನ ಪ್ರಾಣಿಗಳನ್ನು ವರ್ಗೀಕರಿಸಿ' ಅಂತಿತ್ತು. ಒಬ್ಬಳು ಖಾಲಿ ಬಿಟ್ಟಿದ್ದಳು. ಹತ್ರ ಕೂರಿಸ್ಕೊಂಡು "ಇವನ್ನ ಬೇರೆ ಬೇರೆ ಗುಂಪು ಮಾಡವ್ವಾ" ಅಂದೆ. ಸಸ್ಯಾಹಾರಿ, ಮಾಂಸಾಹಾರಿ, ಎರಡೂ ತಿನ್ನೋವು ಅಂತ ಮೂರು ಗುಂಪು ಮಾಡಿಕೊಟ್ಟಳು, ನಾಯಿ ಎಲ್ಲಿಗೆ ಸೇರುತ್ತೆ ಅಂತ ನನ್ನ ಜೊತೆ ವಾದ ಬೇರೆ. ಸೊನ್ನೆ ಬಿದ್ದದ್ದು ಪರಿಸರ ಅಧ್ಯಯನಕ್ಕಲ್ಲ, 'ವರ್ಗೀಕರಿಸಿ' ಅನ್ನೋ ಒಂದು ಪದಕ್ಕೆ.

ಶಿರಾ ಟೀಚರ್, ಪಾಠದ ಹನ್ನೆರಡೂ ಪದ ಹಿಡೀಬೇಡಿ. ನಾಲ್ಕು ಸಾಕು. ಮುಂದಿನ ಪಾಠದಲ್ಲೂ, ಬೇರೆ ವಿಷಯದಲ್ಲೂ ಮತ್ತೆ ಸಿಗೋ ಪದವನ್ನೇ ಆರಿಸ್ಕೊಳ್ಳಿ. ಪದ್ಯದಲ್ಲಿ ಒಂದೇ ಸಲ ಬಂದುಹೋಗುವ ಪದಕ್ಕೆ ಅರ್ಥ ಹೇಳಿ ಮುಂದಕ್ಕೆ ಹೋಗಿ.

ಶಿರಾಸೀಮೆ_ಟೀಚರ್
ಸರ್, ನಾಲ್ಕೇ ಅಂದ್ರೆ ಉಳಿದ ಎಂಟನ್ನ ಯಾಕೆ ಬರೆಸಿಲ್ಲ ಅಂತ ನೋಟ್ಸ್ ತಿದ್ದೋಕೆ ಬಂದವರು ಕೇಳಲ್ವಾ? 40 ನಿಮಿಷದ ಪಿರಿಯಡ್, ಅದರಲ್ಲಿ ಹಾಜರಿ, ಹಾಲಿನ ಲೆಕ್ಕ ಎಲ್ಲಾ ಆಗ್ಬೇಕು.

ತಿರುಗಾಮುರುಗ ಅಂದ್ರೇನು, ಬಂಟ್ವಾಳದವರು ಸ್ವಲ್ಪ ಬಿಡಿಸಿ ಹೇಳ್ತೀರಾ?

ಕ್ಲಸ್ಟರ್_ಸುತ್ತಾಟ
ತಿದ್ದೋಕೆ ಬರೋದು ನನ್ನಂಥವರೇ ಅಲ್ವಾ ಟೀಚರ್ 🙂 ಎಂಟು ಪದ ಒಂದು ಸಲ ಬರೆಸಿ ಇಟ್ಟಿರಿ, ನಾನಂತೂ ಕೇಳೋಲ್ಲ.

ಬಂಟ್ವಾಳ_ಪೇಟೆ
ತಿರುಗಾಮುರುಗ ಅಂದ್ರೆ ಅರ್ಥವನ್ನು ಇನ್ನೊಂದು ಪದದಲ್ಲಿ ಹೇಳದೆ ಸನ್ನಿವೇಶದಲ್ಲಿ ಹೇಳೋದು, ಆಮೇಲೆ 'ಹೌದಾ ಅಲ್ವಾ' ಕೇಳೋದು. "ಜಾತ್ರೆಗೆ ಇನ್ನು ಎರಡು ದಿನ ಉಂಟು. ನಿದ್ದೆ ಬರೋದಿಲ್ಲ. ಯಾವಾಗ ಬೆಳಗಾಗ್ತದೋ ಅಂತ ಕಾಯ್ತೀರಿ. ಅದು ತವಕ." ಈಗ ಕೇಳಿ: ಹಲ್ಲು ಕೀಳಿಸಲಿಕ್ಕೆ ಹೋಗುವಾಗ ತವಕ ಇರ್ತದಾ? ಅಜ್ಜಿ ಮನೆಗೆ ಹೋಗುವಾಗ? ಬಸ್ಸಿಗೆ ತವಕ ಇರ್ತದಾ, ಬಸ್ಸಿನೊಳಗೆ ಕೂತವನಿಗಾ? ಎರಡನೇ ಸುತ್ತಿನಲ್ಲಿ ಮಕ್ಕಳೇ ಪ್ರಶ್ನೆ ಕೇಳ್ತಾರೆ. ಒಂದು ಪದಕ್ಕೆ ಐದು ನಿಮಿಷ, ಹೆಚ್ಚು ಬೇಡ. 'ಅಲ್ಲ' ಅನ್ನುವ ಉದಾಹರಣೆ ಬಿಡಬೇಡಿ. ನಿಮ್ಮ ಬಸ್ಸು ದಾರಿ ತಪ್ಪಿದ್ದು ಅದಿಲ್ಲದೆಯೇ.

ಶರಾವತಿ_ಹಿನ್ನೀರು
ತಡವಾಗಿ ಬಂದೆ, ಇಲ್ಲಿ ನೆಟ್‌ವರ್ಕ್ ಮಳೆಯನ್ನ ಕೇಳ್ಕೊಂಡು ಬರುತ್ತೆ.

ನನಗೆ ಕೈಹಿಡಿದದ್ದು ಪದ ಒಡೆಯೋ ಆಟ. ಕನ್ನಡದಲ್ಲಿ ಒಂದು ಕೀಲಿಗೆ ಹತ್ತು ಬೀಗ ತೆಗೆಯುತ್ತೆ. ನಮ್ಮ ಶಾಲೆ ಲಿಂಗನಮಕ್ಕಿ ಹಿನ್ನೀರಿನ ಪಕ್ಕ. ಮಕ್ಕಳಿಗೆ 'ಹಿನ್ನೀರು' ಅಂದ್ರೆ ಒಂದು ಜಾಗ, ಊರಿನ ಹೆಸರಿದ್ದ ಹಾಗೆ. ಬೋರ್ಡ್ ಮೇಲೆ 'ಹಿಂದೆ + ನೀರು' ಅಂತ ಬರೆದೆ. ಅಣೆಕಟ್ಟು ತಡೆದಾಗ ಹಿಂದಕ್ಕೆ ನಿಂತ ನೀರು. ಒಂದು ಕ್ಷಣ ಎಲ್ಲಾ ಸುಮ್ಮನಾದ್ರು. ಹಿಂದಿನ ಬೆಂಚಿನವನು "ಹಂಗಾದ್ರೆ ಹಿಂಗಾಲು?" ಅಂದ. ಬಂತು ನೋಡಿ ಪ್ರವಾಹ: ಮುಂಗಾಲು, ಮುಂಗೈ, ಮುಂಗಾರು, ಹಿಂಗಾರು, ಹಿಂಬಾಗಿಲು, ಮುಂಗುರುಳು. 'ಮುನ್ನುಡಿ' ನಾನು ಸೇರಿಸಿದೆ, ಅರ್ಥ ಅವರೇ ಹೇಳಿದರು.

ಮುಂದಿನ ವಾರ 'ಹೆ': ಹೆಮ್ಮರ, ಹೆದ್ದಾರಿ, ಹೆಬ್ಬಾಗಿಲು, ಹೆಬ್ಬೆರಳು, ಹೆಜ್ಜೇನು. ದೊಡ್ಡದು ಅನ್ನೋ ಅರ್ಥ ಅವರೇ ಕಂಡುಹಿಡಿದರು. ಮನೆಯಿಂದ ಇನ್ನೂ ಹುಡುಕಿ ತನ್ನಿ ಅಂದೆ. ಮರುದಿನ ಮೂರನೇ ಸಾಲಿನ ಹುಡುಗಿ ಎದ್ದು ನಿಂತು ಹೇಳಿದಳು: "ಹೆಡ್‌ಮೇಷ್ಟ್ರು!"

ದೊಡ್ಡ ಮೇಷ್ಟ್ರು. ಅರ್ಥ ಕೂಡ ಸರಿಹೊಂದಿಬಿಡ್ತು! ಅವರು ಪಕ್ಕದ ಕೋಣೆಯಲ್ಲೇ ಇದ್ದರು, ನಕ್ಕದ್ದು ಕೇಳಿಸ್ತು.

ಹಳೇ_ಸಿಲೇಟು
ಹ್ಹ ಹ್ಹ. ಇದು ಚೆನ್ನಾಗಿದೆ. ಆದರೆ ಎಚ್ಚರ ಟೀಚರ್. ಹೆಸರು, ಹೆಂಚು, ಹೆಜ್ಜೆ, ಹೆಣ್ಣು ಎಲ್ಲವನ್ನೂ ಒಡೆಯೋಕೆ ಹೊರಡ್ತಾವೆ ಹುಡುಗರು.

ಶರಾವತಿ_ಹಿನ್ನೀರು
ಹೊರಟರು ಮೇಷ್ಟ್ರೇ! ಅದಕ್ಕೆ ಒಂದು ಕಾನೂನು ಮಾಡ್ಕೊಂಡಿದ್ದೀವಿ. 'ಹೆ' ತೆಗೆದ ಮೇಲೆ ಉಳಿದದ್ದು ತಾನೇ ಒಂದು ಪದವಾಗಿ ನಿಲ್ಲಬೇಕು. ಮರ, ದಾರಿ, ಬಾಗಿಲು, ಬೆರಳು, ಜೇನು ನಿಲ್ಲುತ್ತೆ. 'ಸರು' ನಿಲ್ಲೋಲ್ಲ, 'ಜೆ' ನಿಲ್ಲೋಲ್ಲ. ಆಗ ಒಬ್ಬ 'ಹೆಬ್ಬಾವು' ತಂದ. ಬಾವು ಅಂದ್ರೆ ಊದಿಕೊಂಡದ್ದು, ಹಾವು ಎಲ್ಲಿ ಅಂತ ಅವನ ಪ್ರಶ್ನೆ. ಹಳಗನ್ನಡದಲ್ಲಿ ಹಾವಿಗೆ 'ಪಾವು' ಅಂತಿದ್ರು, ಆ ಪಕಾರವೇ ಇಲ್ಲಿ ಬಕಾರ ಆಗಿದೆ ಅಂದೆ. ಹಾಲಿಗೆ ಪಾಲು, ಹೂವಿಗೆ ಪೂ ಅಂತ ಎರಡು ಹೇಳಿದ್ದೇ ತಡ, ಮಧ್ಯಾಹ್ನ ಪೂರ್ತಿ "ಪಾಲು ಕುಡಿದ್ಯಾ" ಅಂತ ಕೂಗಾಡ್ತಾ ಓಡಾಡಿದ್ರು. ಪಾಠದ ಪಟ್ಟಿಯಲ್ಲಿ ಇಲ್ಲದ್ದು, ಆದ್ರೂ ಏನೂ ನಷ್ಟವಾಗಲಿಲ್ಲ.

ಎಡಿಸನ್_ಅಮ್ಮ
ನಾನು ಟೀಚರ್ ಅಲ್ಲ, ನ್ಯೂಜೆರ್ಸಿಯಲ್ಲಿರೋ ಒಬ್ಬ ತಾಯಿ. ಭಾನುವಾರ ನಾಲ್ಕೈದು ಮನೆ ಮಕ್ಕಳನ್ನ ಸೇರಿಸಿ ಕನ್ನಡ ಹೇಳಿಕೊಡ್ತೀವಿ. ಓದ್ತಾ ಓದ್ತಾ ಒಂದು ಹೊಳೀತು. ನನ್ನ ಮಗಳಿಗೆ (8 ವರ್ಷ) ಹೆಸರುಪದ ಬೇಕಾದಷ್ಟು ಗೊತ್ತು, ಕ್ರಿಯಾಪದವೇ ಇಲ್ಲ. ಎಲ್ಲದಕ್ಕೂ 'ಮಾಡು'. ಕಟ್ ಮಾಡು, ವಾಶ್ ಮಾಡು, ಮಿಕ್ಸ್ ಮಾಡು, ಓಪನ್ ಮಾಡು.

ಕಬಿನಿ_ದಂಡೆ
ಅದಕ್ಕೆ ನ್ಯೂಜೆರ್ಸಿಗೇ ಹೋಗಬೇಕಾಗಿಲ್ಲ ಅಕ್ಕಾ, ಮೈಸೂರಲ್ಲೂ ಅದೇ ಗತಿ.

ಎಡಿಸನ್_ಅಮ್ಮ
ನಾವು ಕಂಡುಕೊಂಡ ದಾರಿ ಅಡುಗೆಮನೆ. ಸೊಪ್ಪು ಬಿಡಿಸು, ಈರುಳ್ಳಿ ಹೆಚ್ಚು, ಕಾಯಿ ತುರಿ, ಬೆಳ್ಳುಳ್ಳಿ ಸುಲಿ, ಹಿಟ್ಟು ಕಲಸು, ಆಮೇಲೆ ನಾದು, ಆಮೇಲೆ ಲಟ್ಟಿಸು. ಆ ಒಂದು 'ಮಾಡು' ಇದ್ದ ಜಾಗಕ್ಕೆ ಏಳು ಪದ ಬಂದು ಕೂತವು. ಟೀ ಸೋಸ್ತೀವಿ, ಅನ್ನ ಬಸೀತೀವಿ. ಎರಡರ ವ್ಯತ್ಯಾಸ ಹೇಳೋಕೆ ಹೋಗಿ ನಾನೇ ತಡವರಿಸಿದೆ, ಇಲ್ಲಿ ಎಲ್ಲಾ ಕುಕ್ಕರ್. ಅಮ್ಮನಿಗೆ ವಿಡಿಯೋ ಕಾಲ್ ಮಾಡಿ, ಅವರು ತಪ್ಪಲೆ ಬಗ್ಗಿಸಿ ಗಂಜಿ ಬಸಿದು ತೋರಿಸಿದ ಮೇಲೆ ಮಗಳಿಗೆ ತಿಳೀತು.

ಯಲಬುರ್ಗಾ_ಮಾಸ್ತರ
ಭಾರೀ ಹೇಳಿದ್ರಿ ಅಕ್ಕಾರ. ನಮ್ಮ ಬಿಸಿಯೂಟದ ಅಕ್ಕಾರ ಮುಂದ ನನ್ನ ಡಿ.ಎಡ್ ಏನೂ ಅಲ್ಲ. ಮೊರ ಹಿಡಿದು ಕೇರೋದು ಬ್ಯಾರೆ, ಜರಡಿ ಹಿಡಿಯೋದು ಬ್ಯಾರೆ, ಅಕ್ಕಿ ಆರಿಸೋದು ಬ್ಯಾರೆ, ರೊಟ್ಟಿ ತಟ್ಟೋದು ಬ್ಯಾರೆ. ಶನಿವಾರ ಒಂದು ತಾಸು ಹುಡುಗ್ರನ್ನ ಅಡಗಿ ಕೋಣಿ ಬಾಗಿಲದಾಗ ಕುಂದ್ರಿಸಿ, ಅವರು ಏನ್ ಮಾಡ್ತಾರ ಅದನ್ನ ಹೇಳ್ರಿ ಅಂತೀನಿ, 'ಮಾಡು' ಅನ್ನಾಂಗಿಲ್ಲ. ಅಂದವರು ಔಟ್. ಮೊದಲ ವಾರ ನಾನ ಔಟ್ ಆದೆ.

ಜಯನಗರ_ಅಪ್ಪ
ನಮ್ಮ ಮಗಳ ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ ದಿನಕ್ಕೆ 10 ವರ್ಡ್ಸ್, ಶುಕ್ರವಾರ ಟೆಸ್ಟ್. ಇದೆಲ್ಲ ಇಂಗ್ಲಿಷಿಗೂ ನಡೆಯುತ್ತಾ? ಪದಸರಪಳಿ, ಅಂತ್ಯಾಕ್ಷರಿ ಆಡಿಸಿದ್ರೆ ಸಾಕಾ?

ಕ್ಲಸ್ಟರ್_ಸುತ್ತಾಟ
ನಡೆಯುತ್ತೆ. ಹತ್ತರ ಬದಲು ಎರಡೇ ಪದ ಆರಿಸಿ, ಊಟಕ್ಕೆ ಕೂತಾಗ ಮಗಳ ಜೊತೆ ನೀವೂ ಬಳಸಿ. ಪದಸರಪಳಿ ಬಗ್ಗೆ ನನಗೆ ಅಂಥ ನಂಬಿಕೆ ಇಲ್ಲ. ಗೊತ್ತಿರೋ ಪದವನ್ನೇ ಮಕ್ಕಳು ತಿರುಗಿಸ್ತಾರೆ, ಹೊಸದು ಒಂದೂ ಒಳಗೆ ಬರೋಲ್ಲ. ಗದ್ದಲ ಚೆನ್ನಾಗಿರುತ್ತೆ, ನೋಡೋಕೆ ಬಂದವರಿಗೆ 'ಚಟುವಟಿಕೆ' ನಡೀತಿದೆ ಅನ್ಸುತ್ತೆ. ಒಗಟು ಇದಕ್ಕಿಂತ ಎಷ್ಟೋ ವಾಸಿ, ವಸ್ತುವಿನ ಗುಣ ಯೋಚಿಸದೆ ಬಿಡಿಸೋಕಾಗಲ್ಲ.

ಕಬಿನಿ_ದಂಡೆ
ಒಂದು ಬಿಟ್ಟುಹೋಯ್ತು. ಶಿರಾ ಟೀಚರ್ ಕೇಳಿದ್ದು ಗುರುವಾರಕ್ಕೆ ಮರೆತುಹೋಗೋದರ ಬಗ್ಗೆ. ಎಷ್ಟು ಚೆಂದ ಕಲಿಸಿದ್ರೂ ಮತ್ತೆ ಕೇಳದಿದ್ರೆ ಮರೀತಾವೆ. ಒಂದು ಹಾರ್ಲಿಕ್ಸ್ ಬಾಟಲಿ ಇಟ್ಕೊಳ್ಳಿ. ಕಲಿಸಿದ ಪದ ಚೀಟಿಯಲ್ಲಿ ಬರೆದು ಒಳಗೆ ಹಾಕಿ. ದಿನಾ ಹಾಜರಿ ಆದ ಕೂಡಲೇ ಮೂರು ಚೀಟಿ ಎತ್ತೋದು. ಅರ್ಥ ಕೇಳ್ಬೇಡಿ, ನಿನ್ನೆ ನಡೆದ ಯಾವುದಾದ್ರೂ ಸಂಗತಿಗೆ ಈ ಪದ ಹಾಕಿ ಹೇಳು ಅನ್ನಿ. ಎಲ್ಲರೂ ತಡವರಿಸದೆ ಹೇಳಿದ ಚೀಟಿ ಆಚೆ ಹೋಗುತ್ತೆ, ತಿಂಗಳಿಗೊಮ್ಮೆ ಹಳೇ ಚೀಟಿಗಳನ್ನ ಮತ್ತೆ ತರೋದು. ನಾಲ್ಕು ನಿಮಿಷದ ಕೆಲಸ. ಐದೈದು ಸಲ ಒಂದೇ ದಿನ ಬರೆಸೋ ಬದಲು ಐದು ಬೇರೆ ಬೇರೆ ದಿನ ಒಂದೊಂದು ಸಲ.

ಹಳೇ_ಸಿಲೇಟು
ಐದು ಸಲ ಅನ್ನೋ ನನ್ನ ಲೆಕ್ಕ ಉಳಿಸಿದ್ರಿ. ಸಂತೋಷ.

ಶಿರಾಸೀಮೆ_ಟೀಚರ್ (ಆರು ವಾರದ ನಂತರ)
ಎಲ್ಲರಿಗೂ ವರದಿ ಒಪ್ಪಿಸ್ತೀನಿ ಅಂದುಕೊಂಡಿದ್ದೆ, ಪರೀಕ್ಷೆ, ತರಬೇತಿ ಅಂತ ತಡವಾಯ್ತು.

ವಾರಕ್ಕೆ ನಾಲ್ಕೇ ಪದ ಹಿಡಿದೆ. ಬಾಟಲಿಯಲ್ಲಿ ಈಗ 15 ಚೀಟಿ ಇದೆ, 9 ಆಚೆ ಹೋಗಿವೆ. ಮಕ್ಕಳು ಅದಕ್ಕೆ 'ಪದದ ಉಪ್ಪಿನಕಾಯಿ' ಅಂತ ಹೆಸರಿಟ್ಟಿದ್ದಾರೆ. ಗೋಡೆಯ ಎರಡು ಸಾಲು ನಡೀಲಿಲ್ಲ, ನಮ್ಮ ಕೋಣೆ ಸೋರುತ್ತೆ, ಎರಡನೇ ಮಳೆಗೇ ಬರೆದದ್ದೆಲ್ಲ ಇಳಿದುಹೋಯ್ತು. ಪಾವಗಡ ಕಡೆಯಿಂದ ಬಂದ ಇಬ್ಬರ ಮನೆಮಾತು ತೆಲುಗು, ಅವರ ಪದ ಕೇಳೋಕೆ ಶುರು ಮಾಡಿದ ಮೇಲೆ ಇಬ್ಬರೂ ಮಾತಾಡ್ತಿದ್ದಾರೆ. 'ವರ್ಗೀಕರಿಸಿ', 'ಹೋಲಿಸಿ', 'ಕ್ರಮ' ಈ ಮೂರನ್ನ ಗಣಿತದ ಪಿರಿಯಡ್‌ನಲ್ಲೂ ಬಳಸಿದೆ, ಅದು ಎಲ್ಲಕ್ಕಿಂತ ಜಾಸ್ತಿ ಪ್ರಯೋಜನಕ್ಕೆ ಬಂತು.

ಒಂದು ಕೊರತೆ ಹಾಗೇ ಇದೆ. ನಾಲ್ಕು ಮಕ್ಕಳಿಗೆ ಇನ್ನೂ ಒತ್ತಕ್ಷರ ಓದೋಕೆ ಬರಲ್ಲ. ಅವರು ಬಾಯಲ್ಲಿ ಎಲ್ಲರಿಗಿಂತ ಚೆನ್ನಾಗಿ ವಾಕ್ಯ ಹೇಳ್ತಾರೆ, ಚೀಟಿ ಕೈಗೆ ಬಂದ್ರೆ ಬೆವರ್ತಾರೆ. ಅವರಿಗೆ ಚೀಟಿ ಓದಿ ಹೇಳೋದು ನಾನೇ. ಯಾರಾದ್ರೂ ಇದಕ್ಕೆ ದಾರಿ ಹೇಳಿ.

ಆಮೇಲೆ, ನಮ್ಮ ಬಸ್ಸಿನ ಹುಡುಗ. ಅವನ ಅಪ್ಪ ಬೆಂಗಳೂರಲ್ಲಿ ಗಾರೆ ಕೆಲಸ. ಹೋದ ಶುಕ್ರವಾರ 'ತವಕ' ಚೀಟಿ ಅವನ ಕೈಗೇ ಬಂತು. "ಸೋಮವಾರ ಅಪ್ಪ ಬರ್ತದೆ ಅಂತ ನಂಗೆ ರಾತ್ರಿಯೆಲ್ಲಾ ತವಕ" ಅಂದ.

ಬಂಟ್ವಾಳ_ಪೇಟೆ
ಅಯ್ಯೋ. ಅಪ್ಪ ಬಂದ್ರಾ ಟೀಚರ್?

ಶಿರಾಸೀಮೆ_ಟೀಚರ್
ಬಂದ್ರು. ಎರಡು ದಿನ ಇದ್ದು ಹೋದ್ರು. ಆ ಎರಡು ದಿನ ಹುಡುಗ ಶಾಲೆ ಕಡೆ ತಲೆ ಹಾಕಲಿಲ್ಲ.